ಲೊಕೇಶನ್

ಹೊಸ ಆ್ಯಪ್ ಬಂದರೆ ಸಾಕು, ಹಿಗ್ಗಿನಿಂದ ಬ್ಲಾಗಿನಲ್ಲಿ ಬರೆಯುತ್ತಿದ್ದ ವಸುಮತಿ ಈಚೆಗೆ ಒಂದೊಂದನ್ನೇ ಯಾಕೆ ಬಿಟ್ಟೆ ಎಂದು ಬರೆಯತೊಡಗಿದ್ದಳು. ‘ನಾನೆಲ್ಲಿದ್ದೇನೆಂದು ಯಾರಿಗೂ ತಿಳಿಯಬೇಕಿಲ್ಲ’ ಎಂಬ ಲೇಖನಕ್ಕಾಗಿ ತನ್ನ ಫೋನನ್ನು ಜಾಲಾಡುವಾಗ ಅದು ಸಿಕ್ಕಿತು. ಒಳಗೆ ಅಡಗಿದ್ದ ಆ್ಯಪೊಂದು ಅವಳು ಹೋದಲ್ಲೆಲ್ಲ ಮಗಳ ನಂಬರಿಗೆ ಸುದ್ದಿ ಮುಟ್ಟಿಸುತ್ತಿತ್ತು.

ಮೈಯೆಲ್ಲ ಉರಿದುಹೋಯಿತು. ಕಾಲೇಜಿನಿಂದ ಬಂದ ಇಂಚರ ಚಪ್ಪಲಿ ಬಿಡುವ ಮೊದಲೇ ಫೋನನ್ನು ಅವಳ ಮುಖಕ್ಕೆ ಹಿಡಿದಳು.

“ಏನೇ ಇದು? ಹೆತ್ತ ತಾಯಿ ಹಿಂದೇನೇ ಗೂಢಚಾರಿಕೆನಾ?”

“ನಾನು ಹೈಸ್ಕೂಲಲ್ಲಿದ್ದಾಗ ನನ್ನ ಫೋನಿಗೆ ನೀನೂ ಹಾಕಿದ್ದೆ ಅಮ್ಮ. ಅದನ್ನ ಹೊಗಳಿ ಬ್ಲಾಗಲ್ಲಿ ಬರೆದೂ ಇದ್ದೆ.”

“ಆಮೇಲೆ ತೆಗೆದುಹಾಕ್ಲಿಲ್ವಾ? ಎದುರುತ್ತರ ಬೇರೆ! ನಾನು ಎಲ್ಲಿಗಾದ್ರೂ ಹೋಗ್ತೀನಿ, ನಿಂಗ್ಯಾಕೆ?”

ಕೆನ್ನೆಗೆ ಬಾರಿಸಲು ಕೈ ಎತ್ತಿಯೇಬಿಟ್ಟಳು. ಇಂಚರ ಹಿಂದೆ ಸರಿಯಲಿಲ್ಲ. ಅವಳ ದನಿ ಅಮ್ಮನ ದನಿಗಿಂತ ಜೋರಾಯಿತು.

“ಆಫೀಸು ಅಂತ ಸುಳ್ಳು ಹೇಳಿ ಕ್ಯಾನ್ಸರ್ ಆಸ್ಪತ್ರೆಗೆ ಒಬ್ಬಳೇ ಹೋಗ್ತಾ ಇದ್ದೀಯಲ್ಲ, ಈ ಸಲ ನಾನೂ ಬರ್ತೀನಿ.”