ಬರುವಾಗ, ಹೋಗುವಾಗ

ಸಂಜೆ ತೊಗರಿ ಹಸನು ಮಾಡುವ ಹೆಂಗಸರು ಒಬ್ಬೊಬ್ಬರಾಗಿ ಅಡತಿ ಅಂಗಡಿಯ ಬಾಗಿಲಲ್ಲಿ ನಿಂತು, ಉಡಿ ಝಾಡಿಸಿ ತೋರಿಸಿ ಹೊರಗೆ ಹೋದರು. ಸುಮನಬಾಯಿಯೂ ಝಾಡಿಸಿದಳು. ಧೂಳು ಬಿಟ್ಟು ಏನೂ ಉದುರಲಿಲ್ಲ. ಆದರೂ ಸಾಹುಕಾರ ಬಸವಣಪ್ಪ ಗಾದಿಯ ಮೇಲಿಂದಲೇ ಅವಳನ್ನು ತಡೆದ.

“ಇನ್ನೊಮ್ಮಿ ಝಾಡಸು. ಸೀರಿ ಒಳಗ ಏನದ?”

“ನನ್ನ ಮೈ ಅದ್ರಿ, ಸಾವ್ಕಾರ್ರ.”

ಹಮಾಲರು ನಕ್ಕರು. ಬಸವಣಪ್ಪ ನಗಲಿಲ್ಲ. “ಕೂಲಿ ಮಾಡವ್ರ ಮೈ ಇಷ್ಟು ಇರ್ತದೇನು? ಬರಗಾಲ ಹೋಗಿ ಇನ್ನಾ ವರ್ಷ ಆಗಿಲ್ಲ. ಎಲ್ಲಾರೂ ಕಡ್ಡಿ ಆಗ್ಯಾರ. ನೀ ಒಬ್ಬಾಕಿ ಹ್ಯಾಂಗ ಹಿಂಗ?”

“ನಮ್ಮವ್ವನೂ ಹಿಂಗೇ ಇದ್ದಳ್ರಿ. ನೀರು ಕುಡದ್ರೂ ಮೈ ಹತ್ತತಿತ್ತು.”

“ನೀರಲ್ಲ, ನನ್ನ ತೊಗರಿ ಹತ್ತಾಕತ್ತದ ನಿನಗ.”

ಬಸವಣಪ್ಪನ ಹೊಟ್ಟೆ ಅವನ ತೊಡೆಯ ಮೇಲೆ ಕುಳಿತಿತ್ತು. ಹುಮನಾಬಾದ್ ಪೇಟೆಯಲ್ಲಿ ಅದನ್ನು ಉಂಡು ತಿಂದ ಮನೆತನದ ಲಕ್ಷಣ ಎನ್ನುತ್ತಿದ್ದರು.

ಕಳ್ಳಿ ಎಂಬ ಮಾತು ಈ ಬಾಗಿಲು ದಾಟಿದರೆ ಪೇಟೆಯ ಯಾವ ಅಂಗಡಿಯಲ್ಲೂ ಕೆಲಸ ಸಿಗದು. ಸುಮನಬಾಯಿ ಚೀಲ ತೂಗುವ ಕಾಂಟಾದ ಮೇಲೆ ಹತ್ತಿ ನಿಂತಳು. “ಮುಂಜಾನಿ ಬರುವಾಗ ತೂಗ್ರಿ, ಸಂಜಿಕ ಹೋಗುವಾಗ ತೂಗ್ರಿ. ಹೆಚ್ಚಾದ್ರ ಕಳ್ಳಿ ಅನ್ರಿ.”

ಮರುದಿನ ಬೆಳಿಗ್ಗೆ ಅವಳು ಬುತ್ತಿಯ ಗಂಟನ್ನು ಬದಿಗಿಟ್ಟು ನಿಂತಳು. ಗುಮಾಸ್ತ ವೈಜನಾಥ ತೂಗಿ, ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ: ಎಂಬತ್ತೊಂದು. ಸಂಜೆ ಮತ್ತೆ ತೂಗಿದ. ಮುಕ್ಕಾಲು ಕಿಲೋ ಹೆಚ್ಚಿತ್ತು.

ಜೊತೆಯ ಜಿಜಾಬಾಯಿ ಅವಳನ್ನು ಚೀಲಗಳ ಮರೆಗೆ ಕರೆದೊಯ್ದು ಸೀರೆ ಬಿಚ್ಚಿಸಿ ನೋಡಿದಳು. ಹೊರಗೆ ಬಂದು, “ಒಂದು ಕಾಳೂ ಇಲ್ರಿ,” ಎಂದಳು. “ಮಧ್ಯಾಹ್ನ ಎರಡು ರೊಟ್ಟಿ ತಿಂದಾಳ, ಒಂದು ತಂಬಗಿ ನೀರು ಕುಡದಾಳ. ಅದು ತೂಕ ಆಗಂಗಿಲ್ಲೇನ್ರಿ?”

“ನಾಳಿ ನೋಡೂಣು,” ಎಂದ ಬಸವಣಪ್ಪ.

ಅಂದಿನಿಂದ ಸುಮನಬಾಯಿ ಬುತ್ತಿ ತರಲಿಲ್ಲ. ಮಧ್ಯಾಹ್ನ ಉಳಿದವರು ಗೋಡೆಯ ನೆರಳಲ್ಲಿ ಉಣ್ಣುವಾಗ ಅವಳು ಮೊರ ಹಿಡಿದೇ ಕೂತಿರುತ್ತಿದ್ದಳು. ಜಿಜಾಬಾಯಿ ರೊಟ್ಟಿಯ ತುಣುಕು ಮುಂದೆ ಹಿಡಿದರೆ ಕೈ ಅಡ್ಡ ಒಡ್ಡುತ್ತಿದ್ದಳು.

“ಬ್ಯಾಡ ತಂಗಿ, ತೂಕ ಆಗ್ತದ.”

“ಸಾಯ್ತಿ ನೋಡಬೇ. ನೀರರ ಕುಡಿ.”

“ನೀರೇ ಭಾಳ ತೂಕ.”

ತೊಗರಿ ಸುಗ್ಗಿ ಮುಗಿಯುವ ಹೊತ್ತಿಗೆ ಕುಪ್ಪಸದ ತೋಳು ಜೋತುಬಿದ್ದಿತ್ತು. ಎರಡು ಸಲ ತಲೆ ತಿರುಗಿ ರಾಶಿಯ ಮೇಲೇ ಬಿದ್ದಿದ್ದಳು. ಕೊನೆಯ ದಿನ ಸಂಜೆ ವೈಜನಾಥ ಅವಳ ಮುಖ ನೋಡದೆ ಹೇಳಿದ: “ಎಪ್ಪತ್ತೆರಡು.”

ಅವಳು ಕಾಂಟಾದಿಂದ ಇಳಿಯಲಿಲ್ಲ. “ಎರಡು ತಿಂಗಳಾಯ್ತು ಸಾವ್ಕಾರ್ರ. ಮೊದಲನೇ ದಿನ ಬಿಟ್ರ ಒಂದ್ ದಿನಾನೂ ಸಂಜೀ ತೂಕ ಹೆಚ್ಚಾಗಿಲ್ಲ. ಈಗರ ಎಲ್ಲಾರ ಮುಂದ ಹೇಳ್ರಿ, ನಾ ಕಳ್ಳಿ ಏನು?”

ಬಸವಣಪ್ಪ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವನ ಮುಖದಲ್ಲಿ ಸಮಾಧಾನವಿತ್ತು.

“ಈಗ ಅಲ್ಲ ಬಿಡು. ಕದಿಯೋದು ಬಿಟ್ಟಿ, ಮೈ ತಾನೇ ಇಳೀತು.”