ಒಣಗದ ಆಕಾಶ

ಹುಡುಗ ಆಯಿಲ್ ಪೇಂಟಿಂಗ್‌ನಲ್ಲಿ ಗುಡ್ಡ, ಕೆರೆ ಎಲ್ಲ ಬಿಡಿಸುತ್ತಾನೆಂದು ದಲ್ಲಾಳಿ ಹೇಳಿದ್ದೇ ತಡ, ಅಮ್ಮ "ನಮ್ಮ ಹುಡುಗಿಯೂ ಬಿಡಿಸ್ತಾಳೆ" ಎಂದುಬಿಟ್ಟರು. ಅಷ್ಟರಲ್ಲಾಗಲೇ ನಾಲ್ಕು ಸಂಬಂಧ ಕೈತಪ್ಪಿದ್ದವು. ನಿಜಕ್ಕೂ ಆ ಮನೆಯಲ್ಲಿ ಬ್ರಶ್ ಹಿಡಿದವರು ಅಪ್ಪ ಒಬ್ಬರೇ, ಅದೂ ರಿಟೈರ್ ಆದ ಮೇಲೆ, ಎರಡು ತಿಂಗಳಿಂದ. ಅವರು ಹಿಂದಿನ ದಿನವಷ್ಟೇ ಮುಗಿಸಿದ ಗುಡ್ಡದ ಚಿತ್ರಕ್ಕೆ ಅಮ್ಮ ಮಗಳ ಸಹಿ ಹಾಕಿಸಿ, ನಡುಮನೆಯಲ್ಲಿ ನೇತುಹಾಕಿದರು.

"ಬಣ್ಣಕ್ಕೆ ಅಗಸೆ ಎಣ್ಣೆ ಜಾಸ್ತಿ ಬಿದ್ದಿದೆ ಕಣೇ. ಒಣಗೋಕೆ ಹದಿನೈದು ದಿನವಾದ್ರೂ ಬೇಕು," ಎಂದರು ಅಪ್ಪ.

"ಯಾರು ಮುಟ್ಟಿ ನೋಡ್ತಾರೆ? ಸುಮ್ನೆ ಊದಿನಕಡ್ಡಿ ಹಚ್ಚಿ. ಮನೆಯೆಲ್ಲ ಟರ್ಪೆಂಟೈನ್ ನಾತ!"

ಅಂದೇ ಸಂಜೆ ಹೆಣ್ಣು ನೋಡಲು ಬಂದ ಹುಡುಗ ಉಪ್ಪಿಟ್ಟು ತಿಂದು ಮುಗಿಸಿ ನೇರವಾಗಿ ಚಿತ್ರದ ಮುಂದೆ ಹೋಗಿ ನಿಂತ.

"ಇವಳು ಕಾಲೇಜಲ್ಲಿದ್ದಾಗ ಬಿಡಿಸಿದ್ದು. ಮೂರು ವರ್ಷ ಆಯ್ತು," ಎಂದರು ಅಮ್ಮ.

ಹುಡುಗ ಆಕಾಶದ ಮೇಲೆ ಬೆರಳಿಟ್ಟ. ಬೆರಳು ನೀಲಿಯಾಯಿತು. ಅಮ್ಮ ಕಾಫಿ ತಟ್ಟೆ ಹಿಡಿದಲ್ಲೇ ಕಲ್ಲಾದರು. ಅಪ್ಪ ಕಣ್ಣು ಮುಚ್ಚಿಕೊಂಡರು.

ಹುಡುಗ ಬೆರಳನ್ನು ಬೆಳಕಿಗೆ ಹಿಡಿದು, ಎಲ್ಲ ಬಲ್ಲವನಂತೆ ತಲೆಯಾಡಿಸಿದ. "ಆಯಿಲ್ ಪೇಂಟ್ ಅಂದ್ರೆ ಹೀಗೇ ಆಂಟಿ. ನಾನು ಹೈಸ್ಕೂಲಲ್ಲಿ ಬಿಡಿಸಿದ್ದೇ ಇನ್ನೂ ಒಣಗಿಲ್ಲ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮಗಳು ಮೊದಲ ಸಲ ಅವನ ಮುಖ ನೋಡಿದಳು.

"ಅಮ್ಮಾ, ನಂಗೆ ಒಪ್ಪಿಗೆ," ಎಂದಳು.