ಸೊಟ್ಟಕ್ಕೊಂದು ಅಳತೆ

ತರಕಾರಿ ಚೀಲ ಕೆಳಗಿಡುವ ಮೊದಲೇ ಆಕೆಯ ಕಣ್ಣು ಊಟದ ಮೇಜಿನ ಮೇಲೆ ಬಿತ್ತು. ಒಣಗಲು ಬಿಟ್ಟುಹೋಗಿದ್ದ ಮಣ್ಣಿನ ಓಲೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇದ್ದವು, ಆದರೆ ಅವು ಆಕೆಯವಲ್ಲ. ಒಂದು ಕಡೆಗೆ ವಾಲಿದ್ದ, ಅಂಚು ಹರಿದಿದ್ದ, ಬೆರಳ ಗುರುತು ಮೂಡಿದ್ದ ಓಲೆಗಳೆಲ್ಲ ಈಗ ದುಂಡಗೆ, ಚಪ್ಪಟೆಯಾಗಿ, ಸಾಲು ತಪ್ಪದೆ ಮಲಗಿದ್ದವು. ಸಾಲಿನ ಕೊನೆಯಲ್ಲಿ ಗಂಡ, ಅಂದರೆ ಬೀದಿಯವರೆಲ್ಲ ಫಿಟ್ಟರ್ ಮಾಮ ಎಂದು ಕರೆಯುವ ಮನುಷ್ಯ, ಕ್ಯಾಲಿಪರ್ ಹಿಡಿದು ಒಂದು ಓಲೆಯ ದಪ್ಪ ಅಳೆಯುತ್ತ ಕೂತಿದ್ದರು.

"ಎಲ್ಲ ಒಂದೊಂದು ಥರ ಇತ್ತು. ಒದ್ದೆ ಬಟ್ಟೆ ಹಾಕಿ ಮೆತ್ತಗೆ ಮಾಡಿ, ಪೈಪಿನ ತುಂಡಲ್ಲಿ ಒತ್ತಿ ಸರಿ ಮಾಡಿದೀನಿ," ಎಂದರು, ಶಹಭಾಸ್ ಸಿಗುತ್ತದೆಂದು ಕಾಯುತ್ತ. "ನೀನು ಓಲೆಗೆ ಒತ್ತಿದ್ದ ಆ ವಾಷರ್‌ಗಳಿಗೆ ಎಷ್ಟು ತುಕ್ಕು ಹಿಡಿದಿತ್ತು ಗೊತ್ತಾ? ಉಜ್ಜಿ ಉಜ್ಜಿ ಸಾಕಾಯ್ತು."

ಆಕೆ ಕುರ್ಚಿಯಲ್ಲಿ ಕುಸಿದಳು. ಆ ತುಕ್ಕಿಗಾಗಿಯೇ ಗ್ಯಾರೇಜುಗಳ ಮುಂದೆ ನೆಲ ನೋಡುತ್ತ ಅಲೆದಿದ್ದಳು. ವಾಷರ್, ಮುರಿದ ಬೀಗದ ಕೈ, ಸೈಕಲ್ ಚೈನಿನ ಕೊಂಡಿ ಹೆಕ್ಕುತ್ತಿದ್ದಾಗ ಕಂಡವರು ಏನು ಕಳಕೊಂಡಿರಿ ಎಂದು ಕೇಳಿದರೆ ನಕ್ಕು ಮುಂದೆ ಹೋಗಿದ್ದಳು. ಈ ಮಣ್ಣಿಗೆ ಬೆಂಕಿ ಬೇಡ, ಗೂಡು ಬೇಡ; ತಟ್ಟಿ ಗಾಳಿಗಿಟ್ಟರೆ ತಾನೇ ಒಣಗುತ್ತದೆ. ಒಣಗುವವರೆಗೆ ಯಾರೂ ಮುಟ್ಟದಿದ್ದರೆ ಸಾಕು. ಆದರೆ ಆ ಭಾಗ್ಯ ಈ ಮನೆಯಲ್ಲಿ ಎಲ್ಲಿಂದ ಬರಬೇಕು? ಇನ್ನೇನು ಓಲೆ ನೋಡಲು ಒಡವೆ ಅಂಗಡಿಯವಳು ಬರುವ ಹೊತ್ತು. ಅವಳಿಗೆ ಹಿಡಿಸಿದರೆ ಪ್ರತಿ ತಿಂಗಳೂ ಆರ್ಡರ್ ಕೊಡುತ್ತೇನೆಂದಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ತನ್ನದು ಎಂದು ಹೇಳಿಕೊಳ್ಳಲು ಆಕೆಗೆ ಸಿಕ್ಕಿದ್ದು ಇದೊಂದೇ.

"ರೀ, ಇವು ಸೊಟ್ಟಗೇ ಇರ್ಬೇಕು."

"ಯಾಕೆ?"

"ಕೈಯಲ್ಲಿ ಮಾಡಿದ್ದು ಅಂತ ಕಾಣ್ಬೇಕಲ್ಲ. ಅವಳು ಕೇಳಿರೋದೇ ಅದನ್ನ."

ಫಿಟ್ಟರ್ ಮಾಮ ತುಸು ಯೋಚಿಸಿದರು. ಅವರು ಎಂದೂ ವಾದಕ್ಕಿಳಿದವರಲ್ಲ. ಆಕೆಗೆ ತಲೆನೋವು ಅದೇ. "ಸರಿ, ಎಷ್ಟು ಮಿಲಿಮೀಟರ್ ಸೊಟ್ಟ ಇರ್ಬೇಕು ಹೇಳು. ಒಂದು ಅಚ್ಚು ಮಾಡ್ಕೊಡ್ತೀನಿ. ಎಲ್ಲ ಒಂದೇ ಸಮ ಸೊಟ್ಟ ಬರುತ್ತೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಕಾರ್ಖಾನೆಯ ಕೆಲಸ ಬಿಟ್ಟು ಮನೆಗೆ ಬಂದಾಗಿನಿಂದ ಇದೇ ಪಾಡು. ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ ಉಪ್ಪನ್ನು ಕೈಗೆಟುಕದ ಹಾಗೆ ಮಾಡಿದ್ದಾಯಿತು. ಮಂಚದ ಕಾಲುಗಳ ಎತ್ತರ ಸಮ ಮಾಡಲು ಹೋಗಿ ನಾಲ್ಕನ್ನೂ ಕೊಯ್ದದ್ದಾಯಿತು. ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದಳು. ಮಣ್ಣಿಗೂ ಕೈ ಹಾಕಿದ್ದನ್ನು ಮಾತ್ರ ಸಹಿಸಲಾಗಲಿಲ್ಲ. "ಆ ಕಬ್ಬಿಣ ಇಲ್ಲಿ ಕೊಡಿ," ಎಂದು ಕ್ಯಾಲಿಪರ್ ಕಿತ್ತುಕೊಂಡು, ಅವರ ಮುಂದಿದ್ದ ಹಲಗೆಯ ಮೇಲೆ ಒಂದು ಮುದ್ದೆ ಮಣ್ಣು ಕುಕ್ಕಿದಳು. "ಬರೀ ಕೈಯಲ್ಲಿ ಒಂದು ಪದಕ ಮಾಡಿ ನೋಡೋಣ. ಆಗ ಗೊತ್ತಾಗುತ್ತೆ."

"ಬೇಡ ಬಿಡೇ."

"ಮಾಡ್ರೀ ಅಂದ್ರೆ."

ಬೇರೆ ದಾರಿ ಕಾಣದೆ ಅವರು ಮುದ್ದೆ ತಟ್ಟಿದರು. ಉಜ್ಜದೆ ಉಳಿದಿದ್ದ ತುಕ್ಕಿನ ಕೊಂಡಿಯೊಂದನ್ನು ನಡುವೆ ಒತ್ತಿ, ಕಡ್ಡಿಯಿಂದ ಅದರ ಸುತ್ತ ಗೆರೆ ಎಳೆಯಹೊರಟರು. ಗೆರೆ ಅಲುಗಿತು, ಹಾರಿತು, ಮತ್ತೆ ಅಲುಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡರು. ಆಗ ಎರಡೂ ಕೈ ನಡುಗಿದವು. ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು ಬಿಸಿಗೆ ಎಂದು ಆಕೆ ಇಷ್ಟು ದಿನ ಅಂದುಕೊಂಡಿದ್ದಳು.

ಅಷ್ಟರಲ್ಲಿ ಅಂಗಡಿಯವಳು ಬಂದೇಬಿಟ್ಟಳು. ದುಂಡನೆಯ ಓಲೆಗಳನ್ನು ಎತ್ತಿ, ತಿರುಗಿಸಿ, ಕೆಳಗಿಟ್ಟಳು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಮೆಷಿನ್‌ದು ಇದ್ದ ಹಾಗಿದೆ. ನಮ್ಮಲ್ಲಿ ಓಡಲ್ಲ." ಹೊರಡಲು ತಿರುಗಿದ ಅಂಗಡಿಯವಳು ಹಸಿ ಪದಕ ಕಂಡು ನಿಂತಳು. "ಇದ್ಯಾರು ಮಾಡಿದ್ದು, ಮಾಮನಾ? ಈ ಗೆರೆ ನೋಡಿ, ಬೇಕೂಂತ ಎಳೆದ್ರೂ ಹೀಗೆ ಬರಲ್ಲ. ಇಂಥದ್ದು ಮಾಡ್ಕೊಡಿ, ಎಷ್ಟಾದ್ರೂ ತಗೋತೀನಿ." ಹಲಗೆಯ ಸಮೇತ ಅದನ್ನೆತ್ತಿಕೊಂಡು, ಫೋಟೊ ತೆಗೆಯಲು ಕಿಟಕಿಯ ಬೆಳಕಿಗೆ ಒಯ್ದಳು.

"ಅದು ರಿಜೆಕ್ಟ್ ಪೀಸು," ಎಂದು ಫಿಟ್ಟರ್ ಮಾಮ ಹೆಂಡತಿಗಷ್ಟೇ ಕೇಳುವ ಹಾಗೆ ಗೊಣಗಿದರು. ಆಮೇಲೆ ಮುಖ ನೋಡದೆ, "ನಾನಾಗಿ ಕೆಲಸ ಬಿಡಲಿಲ್ಲ ಕಣೇ. ಈ ಕೈ ನೋಡಿ ಅವರೇ ಮನೆಗೆ ಕಳ್ಸಿದ್ರು," ಎಂದರು.

ಸಾಕಾಯ್ತು ಬಿಟ್ಟೆ ಎಂದು ಅವರು ಅಂದು ಹೇಳಿದ್ದನ್ನು ಆಕೆ ನಂಬಿದ್ದಳು. ಈಗ ನಾಲಿಗೆಯ ತುದಿಗೆ ನುಗ್ಗಿಬಂದ ಬೈಗುಳಗಳಲ್ಲಿ ಯಾವುದನ್ನು ಮೊದಲು ಬಿಡಬೇಕೋ ತಿಳಿಯಲಿಲ್ಲ. ಮುಚ್ಚಿಟ್ಟದ್ದಕ್ಕೋ, ಓಲೆಗಳನ್ನೆಲ್ಲ ಹಾಳು ಮಾಡಿದ್ದಕ್ಕೋ, ಕೊನೆಗೆ ತನ್ನದೆಂದು ಇದ್ದ ಒಂದೇ ಆರ್ಡರನ್ನೂ ಅವರೇ ಹೊಡೆದುಕೊಂಡದ್ದಕ್ಕೋ? ಕೋಪ ಎಳ್ಳಷ್ಟೂ ಇಳಿದಿರಲಿಲ್ಲ, ಆದರೂ ಮಣ್ಣು ಮೆತ್ತಿದ್ದ ಅವರ ಕೈಗೆ ಒದ್ದೆ ಬಟ್ಟೆ ಕೊಟ್ಟಳು.

"ಮಾಮ, ಮುಂದಿನ ತಿಂಗಳೂ ಹೀಗೇ ಬರುತ್ತೆ ತಾನೇ?" ಅಂಗಡಿಯವಳು ಕಿಟಕಿಯ ಬಳಿಯಿಂದ ಕೇಳಿದಳು. "ಮಾಡ್ತಾ ಮಾಡ್ತಾ ಕೈ ಪಳಗಿ ನೆಟ್ಟಗಾಗಿಬಿಟ್ರೆ ಕಷ್ಟ."

"ಇಲ್ಲಮ್ಮ," ಎಂದರು ಫಿಟ್ಟರ್ ಮಾಮ. "ದಿನ ಹೋದ ಹಾಗೆ ಇನ್ನೂ ಚೆನ್ನಾಗೇ ಬರುತ್ತೆ."